ಉಸಿರು ಹಿಡಿಯಿರಿ

ದೇರಳಕಟ್ಟೆಯ ಆಸ್ಪತ್ರೆ, ನೆಲಮಾಳಿಗೆ, ಮೂರನೇ ಕೋಣೆ.
ಚೀಟಿಯಲ್ಲಿ: ಪೆನಿಯಾಸಿ ತೊಕಲೌ, ಮೂವತ್ತೆಂಟು, ಫಿಜಿ.
ಬಲ ಮೊಣಕಾಲು, ಬಲ ಭುಜ, ಎದೆ.
ಹೆಸರು ನಾಲಿಗೆಗೆ ಹೊರಳದೆ ವಾಮನಣ್ಣ
‘ಆ ದೊಡ್ಡ ಜನ ಬರಲಿ’ ಎಂದು ಕೂಗಿದ.
ಬಂದರು, ಗಾಲಿಕುರ್ಚಿ ಬೇಡವೆಂದು, ಕುಂಟುತ್ತ,
ಬಾಗಿಲಲ್ಲಿ ಭುಜ ತುಸು ಓರೆ ಮಾಡಿ.

ನನ್ನ ಹರಕು ಇಂಗ್ಲಿಷಿಗೆ ಅವರು
‘ಹಾಂ ದೀದಿ’ ಎಂದರು.
ಯಾವ ಟಿವಿಯಲ್ಲೂ ಕೇಳದ ಹಿಂದಿ, ಕಬ್ಬಿನ ಗದ್ದೆಯದು,
ನೆರೆಮನೆಯವರು ಕಲಿಸಿದ್ದಂತೆ;
ಎಂದೋ ಕರಾರಿಗೆ ಹೆಬ್ಬೆಟ್ಟೊತ್ತಿ
ಹಡಗು ಹತ್ತಿದವರ ಮರಿಮಕ್ಕಳು.
ನನ್ನ ಹಿಂದಿ ಅದಕ್ಕಿಂತ ಬಡವಿ.
ಇಬ್ಬರದ್ದೂ ಸೇರಿಸಿದರೆ
ಒಂದು ಮೊಣಕಾಲಿಗೆ ಸಾಕಾಗುವಷ್ಟು ಭಾಷೆ ಆಯಿತು.

ಪರದೆಯಲ್ಲಿ ಮೂಡಿದ ಎಲುಬು ತೋರಿಸಿ
‘ಇದು ಯಾವಾಗ?’ ಎಂದರೆ ಊರಿನ ಹೆಸರು ಹೇಳುತ್ತಾರೆ.
ಕೊರಳೆಲುಬಿನ ಗಂಟು: ಫ್ರಾನ್ಸು.
ಆರು ಚಳಿಗಾಲ ಅಲ್ಲಿ. ಆ ದುಡ್ಡಿನಲ್ಲಿ
ಹಳ್ಳಿಯ ಇಗರ್ಜಿಗೆ ತಗಡಿನ ಮಾಡು, ಮೂವರು ತಂಗಿಯರ ಫೀಸು,
ಚಿಕ್ಕಪ್ಪನ ದೋಣಿಗೆ ಎಂಜಿನು.
ಭುಜದೊಳಗೆ ಎರಡು ತಿರುಪುಮೊಳೆ: ವಿಶ್ವಕಪ್ಪಿಗೆ ಮೂರು ತಿಂಗಳಿದ್ದಾಗ.
ಕಿರುಬೆರಳಿನ ಚಿತ್ರ ಯಾರೂ ಕೇಳಿರಲಿಲ್ಲ,
ತಾವೇ ಎತ್ತಿ ತೋರಿಸಿದರು: ಸುವಾ, ಮಳೆ, ಸಮೋವಾದ ಎದುರು,
ದೇಶದ ಬಿಳಿ ಅಂಗಿ ತೊಟ್ಟ ಮೊದಲ ದಿನ.
ಮುರಿದದ್ದು ಮರುದಿನ ಬೆಳಿಗ್ಗೆ ಗೊತ್ತಾಯಿತಂತೆ.

ವಿಶ್ವಕಪ್ಪು ಎಲ್ಲಿದೆ, ಕೇಳಿದೆ.
‘ಅದು ಎಲುಬಿನಲ್ಲಿ ಇಲ್ಲ ದೀದಿ.
ಬೆಂಚಿನಲ್ಲಿದ್ದೆ. ಕಡೆಯ ಹನ್ನೊಂದು ನಿಮಿಷ ಇಳಿಸಿದರು.
ಚೆಂಡು ನನ್ನ ಅಂಚಿಗೆ ಬರಲೇ ಇಲ್ಲ.’

ಆಮೇಲೆ ಆಟದ ಕಾನೂನು ಹೇಳಿಕೊಟ್ಟರು:
ಓಡುವುದು ಮುಂದಕ್ಕೆ,
ಕೈಯಿಂದ ಕೊಡುವುದು ಮಾತ್ರ ಹಿಂದಕ್ಕೆ.
ಹಿಂದೆ ಯಾರಿದ್ದಾರೆಂದು ತಿರುಗಿದೆಯೋ, ಕಾಲು ಕೆಟ್ಟಿತು.
ಇರುತ್ತಾರೆ ಎಂದುಕೊಂಡು ಕೊಡಬೇಕು.
ಚಿಕ್ಕಂದಿನಲ್ಲಿ ಚೆಂಡೂ ಇರಲಿಲ್ಲ,
ನೀರು ತುಂಬಿದ ಬಾಟಲಿ, ನಾಲ್ಕು ಜನ ಅಣ್ಣತಮ್ಮ,
ಸಮುದ್ರದ ಬದಿಯ ಹೊಯಿಗೆ ದಿಬ್ಬ.

ಹೊಯಿಗೆ ಎಂದರೆ ನನಗೆ ಅಪ್ಪ.
ದೋಣಿ ಇಳಿದವರೇ ಮೀನು ವಾಸನೆಯಲ್ಲೇ
ತೋಟ ಬೆಂಗ್ರೆಯ ಅಂಕಣಕ್ಕೆ ನುಗ್ಗಿ ಕಬಡ್ಡಿ ಕಬಡ್ಡಿ.
ಜಿಲ್ಲೆಯ ತಂಡಕ್ಕೆ ಒಂದೇ ಸಲ. ಆಮೇಲೆ ಮೊಣಕೈ.
ಬಿದಿರ ಸೀಳು, ನಾಟಿ ಎಣ್ಣೆ; ತುತ್ತು ಬಾಯಿಗೆ ಬರುವಷ್ಟು ಮಡಚುತ್ತಿತ್ತು,
ನೀಟ ಆಗಲಿಲ್ಲ.
ಅದರ ಚಿತ್ರ ಯಾರೂ ತೆಗೆದಿಲ್ಲ.
ಅಸ್ಥಿ ಆರಿಸಿ ತಂದ ಅಣ್ಣನನ್ನು ಕೇಳಿದ್ದೆ,
ಮೊಣಕೈಯ ಗುರುತು ಸಿಕ್ಕಿತೋ ಎಂದು.
ಹುಚ್ಚು ಹಿಡಿಯಿತೇ ನಿನಗೆ, ಅಂದ.

ಎದೆಯ ಚಿತ್ರಕ್ಕೆ ನಿಲ್ಲಿಸಿ, ಗಾಜಿನ ಹಿಂದೆ ಹೋಗಿ
‘ಉಸಿರು ಹಿಡಿಯಿರಿ’ ಎಂದೆ.
ಹಿಡಿದರು.
ಗುಂಡಿ ಒತ್ತಿದೆ, ಚಿತ್ರ ಬಂತು, ನೋಡುತ್ತ ನಿಂತೆ:
ಎಂಥ ದೊಡ್ಡ ಎದೆಗೂಡು, ಖಾಲಿ ಬಲೆಯಷ್ಟು ಅಗಲ.
ಬಿಡಿ ಎನ್ನಲು ಮರೆತೆ.
ಅವರೂ ಬಿಡಲಿಲ್ಲ.

ಮೊಣಕಾಲು ಕೊನೆಗೆ. ಸಂದು ಇರಬೇಕಾದಲ್ಲಿ ಸಂದಿಲ್ಲ,
ಎಲುಬಿನ ಮೇಲೆ ಎಲುಬು ಕೂತಿದೆ.
ಈಗ ಬಂದರಿನ ಗೇಟಿನಲ್ಲಿ ರಾತ್ರಿ ಕಾವಲಂತೆ.
‘ಗೇಟು ಎಲ್ಲಿಗೂ ಓಡುವುದಿಲ್ಲ’ ಎಂದು ನಕ್ಕರು.
ಇಲ್ಲಿಯವರೆಗಿನ ಟಿಕೆಟ್ಟಿಗೆ ಚಂದಾ ಎತ್ತಿದವರು
ಆ ತಗಡಿನ ಮಾಡಿನ ಅಡಿಯವರು.

ಸಾಕಾಗಿ ಕೊನೆಗೆ ಗಾಲಿಕುರ್ಚಿಗೆ ಒಪ್ಪಿದರು.
ವಾಮನಣ್ಣ ತಳ್ಳಿಕೊಂಡು ಅರ್ಧ ದಾರಿ ಹೋದ ಮೇಲೆ
ನನಗೆ ನೆನಪಾಯಿತು, ಫೈಲಿಗೆ ಸಹಿ ಹಾಕಿಲ್ಲ.
‘ಫೈಲು! ಫೈಲು!’ ಎಂದು ಓಡಿದೆ.
ಕುರ್ಚಿ ನಿಲ್ಲಲಿಲ್ಲ. ಅವರು ತಿರುಗಲಿಲ್ಲ.
ಸೊಂಟದ ಬದಿಯಿಂದ ಹಿಂದಕ್ಕೆ
ತೇಲಿ ಬಂತು ಕಂದು ರಟ್ಟಿನ ಕಟ್ಟು,
ಒಂದು ಹಾಳೆಯೂ ಹಾರದೆ.

ಹೊಟ್ಟೆಗೆ ಅವಚಿ ಹಿಡಿದೆ.
ಆಚೆ ವಾಮನಣ್ಣ ಲಿಫ್ಟಿನ ಗುಂಡಿ ಒತ್ತಿ,
ಬೇಗ ಬನ್ನಿ ಮಾರಾಯ್ರೆ, ಎಂದು ಕಾಯುತ್ತಿದ್ದ.